ಊಟದ ಹೊತ್ತಿನ ಎಕೋ

ಫೆಬ್ರವರಿ ೪, ಮಂಗಳವಾರ

ಜೆಲ್ ಬಾಟಲಿಯನ್ನು ಬಿಸಿನೀರಿನಲ್ಲಿಡಲು ಇವತ್ತೂ ಮರೆತೆ. ಮೊದಲ ಪೇಷಂಟ್ ಒಬ್ಬರು ಅಜ್ಜಿ. ಎದೆಗೆ ತಣ್ಣಗೆ ತಾಗಿದ್ದೇ "ಅಯ್ಯೋ, ಸತ್ತೆ!" ಎಂದು ಕೂಗಿದರು. ಟೆಕ್ನಿಷಿಯನ್ ಅಣ್ಣ, "ಸಾಯೋದು ಆಮೇಲೆ ಅಜ್ಜಿ, ಮೊದ್ಲು ಎಡಕ್ಕೆ ತಿರುಗಿ" ಎಂದರು. ಅಜ್ಜಿ ನಕ್ಕುಬಿಟ್ಟರು. ನನಗೆ ಮಾತ್ರ ಬೈಗುಳ, ಕಣ್ಣಲ್ಲೇ.

ಈ ಎಕೋ ಕೋಣೆಯಲ್ಲಿ, ಎಂದರೆ ಹೃದಯದ ಸ್ಕ್ಯಾನ್ ಮಾಡುವಲ್ಲಿ, ನನ್ನ ಕೆಲಸ ಇಷ್ಟೇ. ಹೆಸರು ಕೂಗುವುದು — ಅದೇ ಕಷ್ಟ, ದನಿ ಏಳುವುದಿಲ್ಲ. ಎಡ ಮಗ್ಗುಲಿಗೆ ಮಲಗಿಸುವುದು. ಮುಗಿದ ಮೇಲೆ ಜೆಲ್ ಒರೆಸಿಕೊಳ್ಳಲು ಬಟ್ಟೆ ಕೊಡುವುದು. ಹೆಂಗಸರು ಬಂದರೆ ಪರದೆಯ ಒಳಗೇ ನಿಲ್ಲುವುದು. ಗಂಡಸರು ಎಕೋ ಮಾಡುವಾಗ ಕೋಣೆಯಲ್ಲಿ ಒಬ್ಬ ಹೆಂಗಸು ಇರಲೇಬೇಕು, ರೂಲು. ಆ ಹೆಂಗಸು ನಾನು. ಕುರ್ಚಿ, ಬಕೆಟ್, ನಾನು. ಅಣ್ಣ ನನ್ನನ್ನು ಮೂಕಮ್ಮ ಎನ್ನುತ್ತಾರೆ.

ಮಧ್ಯಾಹ್ನ ಒಂದು ಪುಟ್ಟ ಹುಡುಗಿ. ತೂಕ ಏರುವುದಿಲ್ಲ, ಓಡಿದರೆ ಏದುಸಿರು. ಊಟ ಸರಿಯಾಗಿ ಮಾಡುವುದಿಲ್ಲ ಎಂದು ಇಷ್ಟು ದಿನ ಮನೆಯಲ್ಲಿ ಮಗುವಿಗೇ ಏಟು. ಡಾಕ್ಟರ್ ಎದೆಯ ಮೇಲೆ ಪ್ರೋಬ್ ಇಟ್ಟರು. ಸ್ಕ್ರೀನಿನಲ್ಲಿ ಇರಬಾರದ ಕಡೆ ಬಣ್ಣ ಚಿಮ್ಮಿತು. "ಇಲ್ಲಿದೆ ನೋಡಿ ತೂತು. ಮುಚ್ಚಬಹುದು" ಎಂದರು. ಆ ತಾಯಿ ಅಲ್ಲೇ ಮಗಳ ಕಾಲು ಹಿಡಿದುಕೊಂಡು ಅತ್ತಳು. ಕೊಯ್ಯದೆ, ಚುಚ್ಚದೆ, ನೋವಿಲ್ಲದೆ ಒಳಗಿನದನ್ನು ಹೊರಗೆ ತೋರಿಸುತ್ತದೆ. ಈ ಮಿಷನ್ ನನ್ನದೇನೋ ಎನ್ನುವಷ್ಟು ಹೆಮ್ಮೆ ನನಗೆ.

ಸಂಜೆ ಅಕ್ಕ ಕೆಲಸದಿಂದ ಬಂದವಳು ಹೊಸ್ತಿಲಲ್ಲೇ ನಿಂತಳು. ದವಡೆ ಹಿಡಿದುಕೊಂಡಿದ್ದಳು. ಹಲ್ಲುನೋವಾ ಎಂದೆ. "ಇಲ್ಲ ಕಣೆ, ಸುಮ್ನೆ. ನಿಂತ್ರೆ ಹೋಗುತ್ತೆ."

ಫೆಬ್ರವರಿ ೭, ಶುಕ್ರವಾರ

ಅಕ್ಕನಿಗೆ ಮತ್ತೆ ಅದೇ. ಅವಳು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿದ್ದಾಳೆ. ಒಗೆಯುವ ಮಿಷನ್ ನೆಲಮಾಳಿಗೆಯಲ್ಲಿ, ಒಣಗಿಸುವುದು ಟೆರೇಸಿನ ಮೇಲೆ. ಒಣಗಿಸುವ ಮಿಷನ್ ಕೆಟ್ಟು ಯಾವ ಕಾಲವಾಯಿತೋ. ಒದ್ದೆ ಬೆಡ್‌ಶೀಟುಗಳ ಗಂಟು ಸೊಂಟಕ್ಕಿಟ್ಟುಕೊಂಡು ಮೆಟ್ಟಿಲು ಹತ್ತಬೇಕು. ಅರ್ಧ ದಾರಿಯಲ್ಲಿ ಭುಜದಿಂದ ದವಡೆಯವರೆಗೆ ಯಾರೋ ಹಿಂಡಿದ ಹಾಗಾಗುತ್ತದಂತೆ. ನಿಂತರೆ ಹೋಗುತ್ತದಂತೆ. ಮತ್ತೆ ಹತ್ತಿದರೆ ಮತ್ತೆ ಬರುತ್ತದಂತೆ.

ಅಮ್ಮ: "ಗ್ಯಾಸು. ಹೊಟ್ಟೆ ಖಾಲಿ ಬಿಟ್ಕೊಂಡು ಓಡಾಡಿದ್ರೆ ಇನ್ನೇನಾಗುತ್ತೆ?"

ಭಾವ: "ಗ್ಯಾಸಾದ್ರೆ ಒಳ್ಳೇದೇ, ಸಿಲಿಂಡರ್ ತರೋದು ತಪ್ಪುತ್ತೆ."

ಎಲ್ಲರೂ ನಕ್ಕರು. ಅಕ್ಕನೂ. ನಾನೂ ನಕ್ಕೆನೋ ಏನೋ.

ಭಾವ ಶಾಲೆಯ ವ್ಯಾನ್ ಓಡಿಸುತ್ತಾರೆ. ಕೆಟ್ಟವರಲ್ಲ. ಹೆದರಿಕೆಯಾದರೆ ಜೋಕು ಹೇಳುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಆಸ್ಪತ್ರೇಲಿ ಒಂದು ಎಕೋ ಮಾಡಿಸ್ಬಿಡು. ದಿನಾ ಅಲ್ಲೇ ಬಿದ್ದಿರ್ತೀಯ, ಅಷ್ಟೂ ಆಗಲ್ವಾ?" ಎಂದರು.

ಅಕ್ಕನಿಗೆ ಸಕ್ಕರೆ ಕಾಯಿಲೆ ಬೇರೆ, ಬಹಳ ವರ್ಷದಿಂದ. ಕೇಳಬೇಕು. ಹೇಗೆ ಕೇಳಲಿ...

ಫೆಬ್ರವರಿ ೧೧, ಮಂಗಳವಾರ

ಕೇಳಿದೆ. ಅಂದರೆ ಅಣ್ಣನ ಮೇಜಿನ ಹತ್ತಿರ ಹೋಗಿ ನಿಂತೆ. ಅವರೇ, "ಏನು ಮೂಕಮ್ಮ, ಯಾರಿಗೆ?" ಎಂದರು. ನಮ್ಮಲ್ಲಿ ಇದು ನಡೆಯುತ್ತದೆ. ಸ್ಟಾಫ್ ಕಡೆಯವರು ಓಪಿಡಿ ಚೀಟಿ ಮಾಡಿಸುವುದಿಲ್ಲ, ಲೈನಿನಲ್ಲಿ ನಿಲ್ಲುವುದಿಲ್ಲ, ಡಾಕ್ಟರ್ ಮುಂದೆ ಕೂತು ಕಾಯಿಲೆ ಹೇಳುವುದಿಲ್ಲ. ಮಧ್ಯಾಹ್ನ ಕೋಣೆ ಖಾಲಿಯಾದಾಗ ನೇರ ಒಳಗೆ. ಊಟದ ಹೊತ್ತಿನ ಎಕೋ ಎಂದೇ ಅದಕ್ಕೆ ಹೆಸರು. ವಾಚ್‌ಮನ್ನನ ಅತ್ತೆ, ಅಡುಗೆಯವರ ಮಗ, ಎಲ್ಲರಿಗೂ ಆಗಿದೆ. ಅದೊಂದು ಮರ್ಯಾದೆ ನಮಗೆ.

ಗುರುವಾರ ಬರಲಿ ಎಂದರು. ಮನೆಯಲ್ಲಿ ಹೇಳಿದರೆ ಭಾವ ನನ್ನ ಬೆನ್ನು ತಟ್ಟಿದರು.

ಫೆಬ್ರವರಿ ೧೩, ಗುರುವಾರ

ಆಯಿತು.

ಅಕ್ಕ ರಜ ಹಾಕಿ, ತಲೆಗೆ ಸ್ನಾನ ಮಾಡಿ, ಮದುವೆಮನೆಗೆ ಉಡುವ ಸೀರೆ ಉಟ್ಟು ಬಂದಳು. ವ್ಯಾನಿನಲ್ಲಿ ಬಾಗಿಲವರೆಗೆ, ಅಲ್ಲಿಂದ ಲಿಫ್ಟು. ಏಸಿಯಲ್ಲಿ ತಣ್ಣಗೆ ಕೂತು ಕಾದಳು. ಯಾವ ನೋವೂ ಇಲ್ಲ. "ಇಲ್ಲಿ ಬಂದ್ರೇನೇ ವಾಸಿ ಆಗೋಗುತ್ತೆ" ಎಂದಳು.

ಅಣ್ಣ ಚಿತ್ರ ತೆಗೆದರು. ಡಾಕ್ಟರ್ ಊಟಕ್ಕೆ ಹೊರಟವರು ಬಾಗಿಲಲ್ಲಿ ಇಣುಕಿದರು. ಕೈಯಲ್ಲಿ ಡಬ್ಬಿ.

"ಏನು ತೊಂದ್ರೆ?"

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಪರದೆ ಆಚೆಯಿಂದ ಭಾವ: "ಗ್ಯಾಸು ಸಾರ್. ಸುಮ್ನೆ ಸಮಾಧಾನಕ್ಕೆ."

ಡಾಕ್ಟರ್ ಸ್ಕ್ರೀನ್ ನೋಡಿ, ಅಣ್ಣ ಚಾಚಿದ ರಿಪೋರ್ಟಿಗೆ ನಿಂತಲ್ಲೇ ಸಹಿ ಹಾಕಿದರು. "ಪಂಪಿಂಗ್ ಚೆನ್ನಾಗಿದೆ. ವಾಲ್ವ್‌ಗಳು ಚೆನ್ನಾಗಿವೆ. ನಾರ್ಮಲ್. ನೋವು ಗೀವು ಇದ್ರೆ ಓಪಿಡಿಗೆ ಬಂದು ತೋರಿಸಿ."

ಹೋದರು. ಕೊನೆಯ ಮಾತು ಯಾರ ಕಿವಿಗೂ ಬೀಳಲಿಲ್ಲ. ನಾರ್ಮಲ್ ಎಂದ ಮೇಲೆ ಬಾಗಿಲು ಹಾಕಿಕೊಂಡ ಹಾಗೆ, ಆಮೇಲಿನದೆಲ್ಲ ಹೊರಗೇ ಉಳಿಯುತ್ತದೆ. ಮೆಟ್ಟಿಲು ಹತ್ತುವಾಗ ಮಾತ್ರ ಬರುತ್ತದೆ ಎಂದು ನಾನಾದರೂ ಹೇಳಬಹುದಿತ್ತು. ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದೆ.

ಆದರೂ ಸಂತೋಷ. ನಾರ್ಮಲ್!

ಫೆಬ್ರವರಿ ೧೬, ಭಾನುವಾರ

ಭಾವ ಬೀದಿಗೆಲ್ಲ ಹೇಳಿದ್ದಾರೆ. ಪಕ್ಕದ ಮನೆಯವರಿಗೆ, ಎದುರು ಅಂಗಡಿಯವನಿಗೆ, ವ್ಯಾನಿನ ಮಕ್ಕಳಿಗೂ ಹೇಳಿರಬೇಕು. ಅಕ್ಕನಿಗೆ ಹೊಸ ಹೆಸರು — ನಾರ್ಮಲ್ ರಾಣಿ. "ನಾರ್ಮಲ್ ರಾಣಿಯವರೇ, ನೀರು ಸಿಗುತ್ತಾ?" "ಕೈಕಾಲು ನಾರ್ಮಲ್ ಇದ್ರೆ ಎದ್ದು ಕುಡೀರಿ" ಎಂದು ಅಕ್ಕ.

ಬಟ್ಟೆ ಮಡಚುವಾಗ ನೋಡಿದೆ. ನಡುವೆ ನಿಲ್ಲಿಸಿ ದವಡೆ ಮುಟ್ಟಿಕೊಂಡಳು. ನಾನು ನೋಡಿದ್ದು ನೋಡಿ ಕೈ ಇಳಿಸಿದಳು.

ಫೆಬ್ರವರಿ ೨೦, ಗುರುವಾರ

ಸಿಟ್ಟು ಬರುತ್ತಿದೆ. ಯಾರ ಮೇಲೆ ಎಂದು ತಿಳಿಯುತ್ತಿಲ್ಲ.

ಅಕ್ಕ ಇಸ್ತ್ರಿ ವಿಭಾಗಕ್ಕೆ ಹಾಕಿ ಎಂದು ಲಾಂಡ್ರಿ ಸೂಪರ್‌ವೈಸರಮ್ಮನನ್ನು ಹಿಂದೆಯೇ ಕೇಳಿದ್ದಳು. ಇಸ್ತ್ರಿ ಕೆಳಗೇ ಇದೆ, ಮೆಟ್ಟಿಲಿಲ್ಲ. ಆಯಮ್ಮ ನೋಡೋಣ ಎಂದಿದ್ದರು. ಈಗ ಆ ಜಾಗ ಇನ್ನೊಬ್ಬಳಿಗೆ ಹೋಯಿತು. "ಎದೆ ಪರೀಕ್ಷೆ ಮಾಡಿಸ್ಕೊಂಡು ಬಂದೆಯಂತೆ, ಏನೂ ಇಲ್ವಂತೆ? ಮತ್ತೇನು ನಖರಾ? ಹತ್ತು!" ಅವರಿಗೆ ಹೇಳಿದ್ದು ಯಾರು? ಅಕ್ಕನೇ. ಖುಷಿಯಲ್ಲಿ.

ನೋವು ಮೊದಲೂ ಇತ್ತು. ಆದರೆ ಮೊದಲು ನೋವಿಗೆ ಒಂದು ಬೆಲೆ ಇತ್ತು. ಈಗ ಅದೂ ಸುಳ್ಳು ಎಂದಾಯಿತು.

ಫೆಬ್ರವರಿ ೨೪, ಸೋಮವಾರ

ಇವತ್ತು ಬರೆಯಬೇಕಾದ್ದು ಬಹಳ ಇದೆ. 

ಬೆಳಿಗ್ಗೆ ಭಾರಿ ಮೈಯ ಒಬ್ಬರು ಬಂದರು. ಅಣ್ಣ ಪ್ರೋಬನ್ನು ಹೀಗೆ ಒತ್ತಿ ಹಾಗೆ ಒತ್ತಿ ಬೆವೆತು ಹೋದರು. ಸ್ಕ್ರೀನಿನಲ್ಲಿ ಬರೀ ಮಂಜು. "ಕಿಟಕೀನೇ ಸಿಗ್ತಿಲ್ಲ" ಎಂದರು. ಪಕ್ಕೆಲುಬಿನ ಸಂದಿಯಲ್ಲಿ ಒಳಗೆ ನೋಡಲು ಜಾಗ ಸಿಗಬೇಕಂತೆ. ಕೊಬ್ಬು ಅಡ್ಡ ಬಂದರೆ, ಉಬ್ಬಿದ ಶ್ವಾಸಕೋಶ ಅಡ್ಡ ಬಂದರೆ ಕಾಣುವುದಿಲ್ಲ. ಇಷ್ಟು ದಿನ ಇದ್ದೂ ನನಗೆ ಗೊತ್ತಿರಲಿಲ್ಲ. ಮಿಷನ್ ಎಂದರೆ ಎಲ್ಲ ಕಾಣುತ್ತದೆ ಎಂದುಕೊಂಡಿದ್ದೆ.

ಆಮೇಲೆ ಒಬ್ಬ ಲಾರಿ ಡ್ರೈವರು. ಎಕೋ ಮುಗಿಸಿ ಡಾಕ್ಟರ್, "ಇದು ನಾರ್ಮಲ್. ಆದ್ರೆ ನಾಳೆ ನಡೆಸಿ ನೋಡೋ ಟ್ರೆಡ್‌ಮಿಲ್ ಮಾಡಿಸ್ಲೇಬೇಕು" ಎಂದರು.

"ನಾರ್ಮಲ್ ಅಂದ್ಮೇಲೆ ಇನ್ನೇನ್ ಸಾರ್?"

"ಲೋಡ್ ಹತ್ತಿಸುವಾಗ ಎದೆ ಹಿಂಡುತ್ತೆ ಅಂದ್ರಲ್ಲ. ಈಗ ಲೋಡ್ ಹತ್ತಿಸ್ತಿದೀರಾ? ಮಲಗಿದೀರ."

"ಅಲ್ಲಾ ಸಾರ್, ಒಳಗೆ ಪೂರಾ ನೋಡಿದ್ರಲ್ಲ..."

"ನೋಡಿದ್ದು ಹೃದಯದ ಗೋಡೆ, ಬಾಗಿಲು, ಅದು ಎಷ್ಟು ಜೋರಾಗಿ ಒತ್ತುತ್ತೆ ಅನ್ನೋದು. ಅದಕ್ಕೇ ರಕ್ತ ಕೊಡೋ ನಾಳಗಳು ಇವೆಯಲ್ಲ, ಅವು ಕಟ್ಕೊಂಡಿದ್ರೆ ಇದ್ರಲ್ಲಿ ನೇರವಾಗಿ ಕಾಣಲ್ಲ. ಗಿಡ ಹಸಿರಾಗಿದೆ ಅಂತ ನೀರಿನ ಪೈಪು ಸರಿ ಇದೆ ಅನ್ನೋಕಾಗುತ್ತಾ? ತಂಪು ಹೊತ್ತಲ್ಲಿ ಸ್ವಲ್ಪ ನೀರೂ ಸಾಕು. ಬಿಸಿಲು ಏರ್ಲಿ, ಆಗ ಬಾಡುತ್ತೆ."

"ಹಂಗಾದ್ರೆ ಈ ಮಿಷನ್ ಯಾಕ್ ಸಾರ್ ಇಟ್ಕೊಂಡಿದೀರ?"

ಡಾಕ್ಟರ್ ನಕ್ಕರು. "ತಕ್ಕಡಿ ತಗೊಂಡು ಉದ್ದ ಅಳೆಯೋಕೆ ಹೋದ್ರೆ ತಕ್ಕಡಿದೇನಪ್ಪ ತಪ್ಪು?"

ಡ್ರೈವರೂ ನಕ್ಕ. ನನಗೆ ನಗು ಬರಲಿಲ್ಲ. ಅಕ್ಕ ಏಸಿಯಲ್ಲಿ ಕೂತಿದ್ದು ಕಣ್ಣ ಮುಂದೆ ಬಂತು. ಲಿಫ್ಟಿನಲ್ಲಿ ಬಂದದ್ದು. ರಜ ಹಾಕಿ, ತಂಪು ಹೊತ್ತಿನ ಗಿಡದ ಹಾಗೆ. ಅವಳ ನೋವು ಮೆಟ್ಟಿಲ ಮೇಲಿದೆ, ನಾವು ಹಾಸಿಗೆಯ ಮೇಲೆ ಹುಡುಕಿದೆವು!

ಸಂಜೆ ಮನೆಯಲ್ಲಿ ಎಲ್ಲ ಹೇಳಿದೆ. ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಭಾವ ಕೈ ಜೋಡಿಸಿದರು. "ಬನ್ನಿ ಬನ್ನಿ, ನಾಲ್ಕನೇ ಕ್ಲಾಸಿನ ಡಾಕ್ಟರಮ್ಮ ಬಂದ್ರು. ನಿಮ್ಮ ದೊಡ್ಡ ಡಾಕ್ಟ್ರೇ ನೋಡಿ ಹೇಳಿದ್ದು ನಾರ್ಮಲ್ ಅಂತ. ನೀವು ಅಬ್‌ನಾರ್ಮಲ್ ಅಂತೀರಾ?"

ಅಮ್ಮ, "ಇಲ್ಲದ ಕಾಯಿಲೇನ ಕೂಗಿ ಕರೀಬೇಡ" ಎಂದಳು.

ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟಳು.

ಮಾರ್ಚ್ ೩, ಸೋಮವಾರ

ಡಾಕ್ಟರನ್ನು ಕೇಳಿದೆ. ಪೇಷಂಟುಗಳೆಲ್ಲ ಹೋದ ಮೇಲೆ ಬಾಗಿಲ ಹತ್ತಿರ ನಿಂತೆ. "ಸಾರ್... ನಮ್ಮಕ್ಕ..." ಅಷ್ಟರಲ್ಲೇ ಕಣ್ಣಲ್ಲಿ ನೀರು. ಥೂ. ಸಿಟ್ಟು ಬಂದರೂ ನನಗೆ ಅಳುವೇ ಬರುತ್ತದೆ.

ಹೇಳಿಸಿಕೊಂಡರು, ಸಮಾಧಾನದಿಂದ. ಅಷ್ಟು ಹೊತ್ತು ಅವರು ಯಾರ ಮಾತನ್ನೂ ಕೇಳಿದ್ದು ನಾನು ನೋಡಿಲ್ಲ. ಸಕ್ಕರೆ ಇದೆಯಾ, ಎಷ್ಟು ವರ್ಷದಿಂದ, ನಿಂತರೆ ಎಷ್ಟು ಹೊತ್ತಿಗೆ ಹೋಗುತ್ತದೆ. ಕೇಳುತ್ತ ಕೇಳುತ್ತ ಮುಖ ಬಿಗಿಯಾಯಿತು.

"ಯಾವಾಗ ನೋಡಿದೆ ನಾನು ಇವರನ್ನ?"

"ಊಟದ ಹೊತ್ತಲ್ಲಿ ಸಾರ್."

"ಚೀಟಿ ಇಲ್ದೆ?"

ತಲೆ ಆಡಿಸಿದೆ.

ಟೆಕ್ನಿಷಿಯನ್ ಅಣ್ಣನನ್ನು ಕರೆದು ಬೈದರು. ನನ್ನನ್ನೂ ಬೈದರು. "ಉಪಕಾರ ಮಾಡ್ತೀವಿ ಅಂತ ಅಪಕಾರ ಮಾಡ್ತಿದೀರ. ಲೈನಲ್ಲಿ ಬಂದೋರನ್ನ ನಾನು ಹತ್ತು ಪ್ರಶ್ನೆ ಕೇಳ್ತೀನಿ. ನಿಮ್ಮೋರಿಗೆ ಒಂದೂ ಇಲ್ಲ. ಕೇಳ್ದೆ ಇರೋ ಪ್ರಶ್ನೆಗೆ ಮಿಷನ್ ಉತ್ತರ ಕೊಡುತ್ತಾ?"

ಸರಿ. ನಿಜ. ಆದರೆ ಡಬ್ಬಿ ಹಿಡಿದುಕೊಂಡು ನಾರ್ಮಲ್ ಎಂದವರು ಯಾರು? ಸಹಿ ಯಾರದು? ಕೇಳಲಿಲ್ಲ. ಇಲ್ಲಿ ಕೇಳುತ್ತಿದ್ದೇನೆ. ಲೈನಿನಲ್ಲಿ ನಿಂತವರು ಅದೃಷ್ಟವಂತರು, ಒಳಗಿನವರು ನಾವು ದರಿದ್ರರು — ಇದೆಂಥ ನ್ಯಾಯ?

ಕೊನೆಗೆ ಮೆತ್ತಗಾಗಿ ಹೇಳಿದರು: "ಗುರುವಾರ ಕರ್ಕೊಂಡು ಬಾ. ಚೀಟಿ ಮಾಡಿಸಿ, ಲೈನಲ್ಲಿ. ಮೊದ್ಲು ಮಾತಾಡ್ತೀನಿ. ಆಮೇಲೆ ನಡೆಸಿ, ಹೃದಯ ಜೋರಾಗಿ ಓಡ್ತಿರುವಾಗ್ಲೇ ಮಲಗಿಸಿ ಎಕೋ ಮಾಡೋಣ. ಅದು ಬೇರೆ ಪರೀಕ್ಷೆ. ಅಲ್ಲಿಯವರೆಗೆ ಆ ಮೆಟ್ಟಿಲು ಬೇಡ."

ಮಾರ್ಚ್ ೬, ಗುರುವಾರ

ಬರಲಿಲ್ಲ.

ನಾನೇ ಚೀಟಿ ಮಾಡಿಸಿದೆ, ಅಕ್ಕನ ಜಾಗದಲ್ಲಿ ನಾನೇ ಲೈನಿನಲ್ಲಿ ನಿಂತೆ. ಲೈನು ಕರಗಿತು. ಹಿಂದಿದ್ದವರನ್ನು ಮುಂದೆ ಬಿಟ್ಟೆ, ಮತ್ತೆ ಹಿಂದಿದ್ದವರನ್ನು ಮುಂದೆ ಬಿಟ್ಟೆ. ಹಿಂದಿದ್ದ ಮುದುಕರು, "ನೀನೇನಮ್ಮ, ಇಲ್ಲೇ ಕಂಬವಾ?" ಎಂದರು. ಡಾಕ್ಟರ್ ಎರಡು ಸಲ ತಲೆ ಎತ್ತಿ ನನ್ನ ಕಡೆ ನೋಡಿದರು. ಮೂರನೇ ಸಲ ನೋಡಲಿಲ್ಲ.

ಅಕ್ಕ ಕೆಲಸಕ್ಕೆ ಹೋಗಿದ್ದಳು. ಬೆಳಿಗ್ಗೆ "ಬರ್ತೀನಿ, ನೀನು ಮುಂದೆ ಹೋಗಿರು" ಎಂದು ನನ್ನ ಕೆನ್ನೆ ತಟ್ಟಿದ್ದಳು!

ಸಂಜೆ ಹಿತ್ತಲ ಒಗೆಯುವ ಕಲ್ಲಿನ ಹತ್ತಿರ ಹಿಡಿದು ನಿಲ್ಲಿಸಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಸುಳ್ಳುಬುರುಕಿ ಎಂದೆ. ನನ್ನನ್ನು ಎತ್ತಿ ಆಡಿಸಿದವಳಿಗೆ.

ಅವಳು ಮೊದಲು ನಗಲು ನೋಡಿದಳು. ಆಮೇಲೆ ಅವಳಿಗೂ ಸಿಟ್ಟು ಬಂತು.

"ನಂಗೊತ್ತಿಲ್ಲ ಅಂದ್ಕೊಂಡಿದೀಯಾ? ನನ್ನ ಎದೆ ನಂಗೊತ್ತಿಲ್ವಾ? ಗೊತ್ತಾಗ್ಬಾರ್ದು ಅಂತಾನೇ ಬರ್ಲಿಲ್ಲ ಕಣೆ. ಗೊತ್ತಿಲ್ದೆ ಇದ್ರೆ ಆ ಮೆಟ್ಟಿಲು ಹತ್ತಬಹುದು. ಗೊತ್ತಾದ್ರೆ ಒಂದು ಹೆಜ್ಜೆನೂ ಎತ್ತಕ್ಕಾಗಲ್ಲ. ಆಮೇಲೆ ನಾನು ಯಾರು ಈ ಮನೇಲಿ? ಮೂಲೇಲಿ ಕೂರಿಸಿ ಮಾತ್ರೆ ಕೊಡೋ ಗೊಂಬೆ. ನಾರ್ಮಲ್ ಅಂದಿದ್ದಾರೆ. ಆ ಒಂದು ಮಾತನ್ನಾದ್ರೂ ನಂಗೆ ಬಿಡು."

"ಅದು ಸುಳ್ಳು ಅಕ್ಕಾ."

"ಇರ್ಲಿ. ನಂದು ತಾನೇ?"

ಒಳಗಿನಿಂದ ಭಾವ, "ಏನದು ಗಲಾಟೆ, ನಾರ್ಮಲ್ ರಾಣಿ?" ಎಂದರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು, "ಏನಿಲ್ಲ ರೀ, ಬೆಕ್ಕು" ಎಂದು.

ಬೆಕ್ಕಂತೆ ನಾನು.

ಮಾರ್ಚ್ ೧೦, ಸೋಮವಾರ

ಅಕ್ಕನ ಜೊತೆ ಮಾತಿಲ್ಲ. ಅವಳು ಊಟ ಬಡಿಸುತ್ತಾಳೆ, ನಾನು ತಟ್ಟೆ ನೋಡುತ್ತೇನೆ.

ಇವತ್ತು ಒಬ್ಬ ಹೆಂಗಸನ್ನು ಸ್ಟ್ರೆಚರಿನಲ್ಲಿ ತಂದರು. ಉಸಿರು ಸಿಗುತ್ತಿಲ್ಲ, ಬಿಪಿ ಬೀಳುತ್ತಿದೆ, ಯಾಕೆಂದು ಯಾರಿಗೂ ತಿಳಿಯುತ್ತಿಲ್ಲ. ಡಾಕ್ಟರ್ ಪ್ರೋಬ್ ಇಟ್ಟದ್ದೇ ತಡ, "ನೀರು!" ಎಂದರು. ಹೃದಯದ ಸುತ್ತ ನೀರು ತುಂಬಿ ಅದನ್ನು ಅಮುಕಿಬಿಟ್ಟಿತ್ತು. ಸ್ಕ್ರೀನಿನಲ್ಲಿ ನೋಡಿಕೊಂಡೇ ಸೂಜಿ ಹಾಕಿ ತೆಗೆದರು. ನೋಡುತ್ತಿದ್ದಂತೆ ಅವಳ ಮುಖಕ್ಕೆ ಬಣ್ಣ ಬಂತು. ಮೊದಲು ಕೇಳಿದ್ದು, "ನನ್ನ ಚಪ್ಪಲಿ ಎಲ್ಲಿ?" ಎಂದು. ಎಲ್ಲರೂ ನಕ್ಕರು. ಅಣ್ಣ ಹೊರಗೆ ಹೋಗಿ ಹುಡುಕಿ ತಂದುಕೊಟ್ಟರು.

ಮಿಷನ್ನಿನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಎಂದರೆ ಇಂಥದ್ದೊಂದು ಮಾಡಿ ತೋರಿಸುತ್ತದೆ. ಯಾರನ್ನೂ ಪೂರ್ತಿ ಬೈಯಲು ಬಿಡುವುದಿಲ್ಲ ಈ ಲೋಕ. ಅಕ್ಕನಿಗೆ ಈ ಚಪ್ಪಲಿ ಕತೆ ಹೇಳಬೇಕೆನಿಸಿತು. ಹೇಳಿದರೆ ಬಿದ್ದು ಬಿದ್ದು ನಗುತ್ತಿದ್ದಳು. ಹೇಳಲಿಲ್ಲ.

ಮಾರ್ಚ್ ೧೪, ಶುಕ್ರವಾರ

ಅಕ್ಕ ಇವತ್ತು ಅಂಗಳ ಗುಡಿಸುವಾಗಲೇ ನಿಂತಳು. ಮೆಟ್ಟಿಲಲ್ಲ, ಅಂಗಳ. ಹತ್ತಿರ ಬರುತ್ತಿದೆ. ಭಾವನಿಗೆ ತೋರಿಸಿದೆ. ನೋಡಿದರು. ಮುಖ ಸಪ್ಪಗಾಯಿತು. ಆಮೇಲೆ ವ್ಯಾನಿನ ಕೀ ತಗೊಂಡು, "ಟೈಮಾಯ್ತು" ಎಂದು ಹೋದರು.

ನಾಳೆ ನಾನೇ ಮಾತಾಡಿಸುತ್ತೇನೆ, ಕಾಲು ಹಿಡಿಯುತ್ತೇನೆ, ಏನಾದರೂ ಮಾಡುತ್ತೇನೆ.

ಮಾರ್ಚ್ ೨೧, ಶುಕ್ರವಾರ

ಮೆಟ್ಟಿಲ ಮೇಲಾಗಲಿಲ್ಲ. ಬುಧವಾರ ಬೆಳಿಗ್ಗೆ ಕನ್ನಡಿ ಮುಂದೆ ಕೂತು ತಲೆ ಬಾಚುತ್ತಿದ್ದಳು. ಬಾಚಣಿಗೆ ಕೆಳಗೆ ಬಿತ್ತು. ಎತ್ತಿಕೊಡಲಿಲ್ಲ ನಾನು, ಮಾತು ಶುರುವಾಗಿರಲಿಲ್ಲವಲ್ಲ ಇನ್ನೂ. ಅವಳೂ ಎತ್ತಿಕೊಳ್ಳಲಿಲ್ಲ. ತಿರುಗಿ ನೋಡಿದರೆ ಮುಖ ಬೂದಿ, ಸೀರೆಯೆಲ್ಲ ಬೆವರು.

ಭಾವ ವ್ಯಾನಿನಲ್ಲಿ ತಂದರು. ಮಕ್ಕಳ ಬ್ಯಾಗುಗಳ ನಡುವೆ ಮಲಗಿಸಿಕೊಂಡು ಬಂದೆವು. ಹಾರ್ಟ್ ಅಟ್ಯಾಕ್. ರಕ್ತದ ಗಡ್ಡೆ ಕರಗಲು ಇಂಜೆಕ್ಷನ್ ಕೊಟ್ಟರು. ಐಸಿಯು. ಜೀವ ಇದೆ.

ಜೀವ ಇದೆ. ಇಷ್ಟೇ ಬರೆಯಲು ಎರಡು ದಿನ ಬೇಕಾಯಿತು.

ಮಾರ್ಚ್ ೨೨, ಶನಿವಾರ

ಐಸಿಯು ಹಾಸಿಗೆಯ ಹತ್ತಿರಕ್ಕೇ ಚಿಕ್ಕ ಎಕೋ ಮಿಷನ್ ತಂದರು. ಹೆಂಗಸು ಪೇಷಂಟು, ರೂಲಿನ ಪ್ರಕಾರ ನಾನು ನಿಲ್ಲಬೇಕು. ನಿಂತೆ.

ಈಗ ಕಾಣುತ್ತದೆ. ಎಷ್ಟು ಚೆನ್ನಾಗಿ ಕಾಣುತ್ತದೆ! ಉಳಿದ ಗೋಡೆಗಳೆಲ್ಲ ಒಳಗೆ ಹೊರಗೆ, ಒಳಗೆ ಹೊರಗೆ. ಮುಂಭಾಗದ ಗೋಡೆ ಮಾತ್ರ ಸುಮ್ಮನೆ. ಕೆಲಸ ನಿಲ್ಲಿಸಿ ಕೂತವರ ಹಾಗೆ. ಕಲಿತಿರಬೇಕಿಲ್ಲ, ಓದಿರಬೇಕಿಲ್ಲ, ನನಗೂ ಕಾಣುತ್ತದೆ. ಸತ್ತ ಮೇಲೆ ತೋರಿಸುತ್ತೀಯಾ ಎಂದು ಆ ಸ್ಕ್ರೀನಿಗೆ ಕೇಳಬೇಕೆನಿಸಿತು.

ಡಾಕ್ಟರ್ ತುಂಬ ಹೊತ್ತು ನೋಡಿದರು. ಇವತ್ತು ಕೈಯಲ್ಲಿ ಏನೂ ಇರಲಿಲ್ಲ. ಪಂಪಿಂಗ್ ಕಡಿಮೆಯಾಗಿದೆ. ಒಳಗೆ ಗಡ್ಡೆ ಇಲ್ಲ, ವಾಲ್ವ್ ಸೋರುತ್ತಿಲ್ಲ, ಅದು ಒಳ್ಳೆಯದು. ಆ ಗೋಡೆ ಪೂರ್ತಿ ಸತ್ತಿದೆಯೋ, ಏಟು ಬಿದ್ದು ಮರಗಟ್ಟಿದೆಯೋ ಈಗಲೇ ಹೇಳಲಾಗದು, ಕೆಲವು ವಾರ ಬಿಟ್ಟು ಮತ್ತೆ ಎಕೋ ಮಾಡಿದರೆ ಗೊತ್ತಾಗುತ್ತದೆ. ನಾಳೆ ಬಿಟ್ಟು ನಾಡಿದ್ದು ಆಂಜಿಯೋ. ಯಾವ ನಾಳ, ಎಲ್ಲಿ ಕಟ್ಟಿದೆ, ಅದರಲ್ಲೇ ಕಾಣಬೇಕು.

ಹೊರಗೆ ಭಾವ ಆ ಹಳೆಯ ರಿಪೋರ್ಟ್ ಹಿಡಿದು ನಿಂತಿದ್ದರು. "ಸಾರ್, ಹೋದ ತಿಂಗಳು ನಾರ್ಮಲ್ ಅಂತ ಬರ್ಕೊಟ್ಟಿದೀರ. ನೀವೇ. ಮಿಷನ್ ಸುಳ್ಳು ಹೇಳ್ತಾ? ನೀವು ಸುಳ್ಳು ಹೇಳಿದ್ರಾ?" ಕಿರುಚುತ್ತಿದ್ದರು. ಅಮ್ಮ ಗೋಡೆಗೆ ಒರಗಿದ್ದಳು.

ಡಾಕ್ಟರ್, "ಅವತ್ತು ಮಲಗಿದ್ದಾಗ ಕಂಡಿದ್ದು ನಿಜಾನೇ. ಅಷ್ಟೇ ಸಾಲ್ದು ಅಂತ ನಾನು ನಿಂತು ಹೇಳಬೇಕಿತ್ತು. ನಡೀತಾ ಹೇಳಿದೆ. ಅದು ನನ್ನ ತಪ್ಪು" ಎಂದರು.

ಹಾಗೆ ಒಪ್ಪಿಕೊಂಡರೆ ಸಿಟ್ಟನ್ನು ಎಲ್ಲಿಡುವುದು?

ಭಾವ ಬಿಡಲಿಲ್ಲ. "ತೊಂದ್ರೆ ಏನು ಅಂತ ಕೇಳ್ಬೇಕಲ್ವಾ ನೀವು!"

ಆಗ ನನ್ನ ಬಾಯಿಂದ ಬಂತು. ಎಲ್ಲಿತ್ತೋ ಆ ಧ್ವನಿ, ವಾರ್ಡಿನವರೆಲ್ಲ ತಿರುಗಿದರು.

"ಕೇಳಿದ್ರು! ನೀವು ಹೇಳಿದ್ರಿ, ಗ್ಯಾಸು ಅಂತ! ಅಕ್ಕನ ಎದೆ, ಅಕ್ಕನ ನೋವು, ಬಾಯಿ ನಿಮ್ದು! ಅವಳಿಗೆ ಒಂದು ಮಾತು ಆಡೋಕೆ ಬಿಟ್ರಾ? ನಗೋದು, ಹೆಸ್ರಿಡೋದು, ಬೀದಿಗೆಲ್ಲ ಡಂಗುರ ಹೊಡೆಯೋದು. ಅಂಗಳದಲ್ಲಿ ನಿಂತಿದ್ದು ನೋಡಿದ್ರಿ, ನೋಡಿ ಕೀ ತಗೊಂಡು ಹೋದ್ರಿ. ಸಾರ್ ಡಬ್ಬಿ ಹಿಡ್ಕೊಂಡು ಓಡಿದ್ರು. ನಾನು ಕುರ್ಚಿ ಥರ ನಿಂತಿದ್ದೆ. ಅವಳು ಬೇಕಂತಾನೇ ಕಣ್ಮುಚ್ಚಿಕೊಂಡ್ಲು. ಎಲ್ಲಾ ಸೇರಿ ಮಾಡಿದ್ದು, ಮಿಷನ್ ಒಂದನ್ನೇ ಯಾಕೆ ಬೈತೀರಾ?"

ನರ್ಸ್ ಬಂದು ತೋಳು ಹಿಡಿದರು. ಭಾವ ಕೂತುಬಿಟ್ಟರು, ನೆಲದ ಮೇಲೆ. ರಿಪೋರ್ಟ್ ಅವರ ಕೈಯಲ್ಲೇ ಇತ್ತು.

ಟೆಕ್ನಿಷಿಯನ್ ಅಣ್ಣ ಕಾರಿಡಾರಿನ ತುದಿಯಲ್ಲಿ ನಿಂತು ಕೇಳಿಸಿಕೊಂಡರಂತೆ. ಇನ್ನು ಮೂಕಮ್ಮ ಎನ್ನುವುದಿಲ್ಲವಂತೆ. ಬೇಡ. ಈಗ ಏನೆಂದಾದರೂ ಕರೆಯಲಿ.

ಮಾರ್ಚ್ ೨೩, ಭಾನುವಾರ

ಅಕ್ಕನಿಗೆ ಮಾತು ಬಂತು. ನನ್ನನ್ನು ನೋಡಿ, "ಬೆಕ್ಕು ಕೂಗ್ತಿತ್ತಂತೆ ಹೊರಗೆ?" ಎಂದಳು. ನನಗೆ ಒಮ್ಮೆಗೇ ನಗು, ಅಳು. ಚಪ್ಪಲಿ ಕೇಳಿದ ಹೆಂಗಸಿನ ಕತೆ ಹೇಳಿದೆ. ನಕ್ಕಳು, ನಕ್ಕರೆ ಸುಸ್ತಾಗುತ್ತದೆಂದು ನಿಲ್ಲಿಸಿದಳು.

ಆಮೇಲೆ ಮೆಲ್ಲಗೆ: "ನಾಳೆದು ಬೇಡ ಕಣೆ. ಇನ್ನೊಂದು ಸಲ ಎಕೋ ಮಾಡಿಸು. ನಾರ್ಮಲ್ ಬಂದ್ರೂ ಬರಬಹುದು."

ಕೆನ್ನೆಗೆ ಬಾರಿಸಬೇಕೆನಿಸಿತು. ಅಷ್ಟು ಸಣ್ಣ ಮುಖ, ಮೂಗಿನಲ್ಲಿ ಪೈಪು. "ಬರಲ್ಲ" ಎಂದೆ. "ನಾಳೆ ನಾಳ ನೋಡ್ತಾರೆ. ಹೆದರ್ಕೋ. ಹೆದರ್ಕೊಂಡೇ ಹೋಗು. ಆದ್ರೆ ಹೋಗು."

"ನೀನು ಇರ್ತೀಯಾ?"

"ಅಲ್ಲಿ ಒಳಗೆ ಬಿಡಲ್ಲ ನನ್ನ. ಬಾಗಿಲಲ್ಲಿ ಇರ್ತೀನಿ."

ಡಾಕ್ಟರ್ ಬಂದು ಕುರ್ಚಿ ಎಳೆದುಕೊಂಡು ಕೂತರು. "ಮೊದಲ ಸಲ ನೋವು ಬಂದಿದ್ದು ಯಾವಾಗ, ನೀವೇ ಹೇಳಿ" ಎಂದರು. ಭಾವ ಬಾಯಿ ತೆರೆದರು. ಮುಚ್ಚಿಕೊಂಡರು. ಅಕ್ಕ ಹೇಳಿದಳು. ಮೆಟ್ಟಿಲು, ಗಂಟು, ದವಡೆ, ಎಲ್ಲ. ನಮಗೆ ಗೊತ್ತಿದ್ದದ್ದಕ್ಕಿಂತ ಎಷ್ಟೋ ಹಿಂದಿನದು. ಹೋದ ಮಳೆಗಾಲದ್ದು.

ಮಾರ್ಚ್ ೨೪, ಸೋಮವಾರ, ಬೆಳಿಗ್ಗೆ

ಒಳಗೆ ಕರೆದುಕೊಂಡು ಹೋದರು. ಬಾಗಿಲಿನ ಮೇಲೆ ಕೆಂಪು ದೀಪ. ನನಗೆ ಇವತ್ತು ರಜ, ಆದರೂ ಕೈ ಆಗಾಗ ಒರೆಸುವ ಬಟ್ಟೆ ಹುಡುಕುತ್ತದೆ. ಅಮ್ಮ ಬೆಂಚಿನ ತುದಿಯಲ್ಲಿ ತುಟಿ ಆಡಿಸುತ್ತಿದ್ದಾಳೆ.

ಭಾವ ಬಂದು ಪಕ್ಕದಲ್ಲಿ ಕೂತರು. ಗಡ್ಡ ಬೆಳೆದಿದೆ. ಶನಿವಾರದಿಂದ ನಮ್ಮಿಬ್ಬರಿಗೆ ಮಾತಿಲ್ಲ. ಬಹಳ ಹೊತ್ತು ಬಾಗಿಲು ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಈ ಡೈರಿಯನ್ನು ನೋಡಿದರು.

"ಏನು ಬರೀತಿದೀಯಾ?"

ಬೇರೆ ದಿನವಾಗಿದ್ದರೆ ಏನಿಲ್ಲ ಎಂದು ಮುಚ್ಚಿಡುತ್ತಿದ್ದೆ. "ಸಿಟ್ಟು" ಎಂದೆ.

"ನನ್ನ ಮೇಲಾ?"

"ನಿಮ್ಮ ಮೇಲೂ."

ತಲೆ ಆಡಿಸಿದರು. ಜೋಕು ಹೇಳಲಿಲ್ಲ. "ಬರಿ" ಎಂದರು. "ನಂಗೆ ಅವತ್ತೇ ಹೆದ್ರಿಕೆ ಆಗಿತ್ತು ಅಂತಾನೂ ಬರಿ. ಆ ಮೊದಲ ದಿನಾನೇ. ಅದಕ್ಕೇ ಗ್ಯಾಸು ಅಂದೆ ಅಂತ ಬರಿ."

ಬರೆದೆ. ಬರೆದರೂ ಕಡಿಮೆಯಾಗಲಿಲ್ಲ, ಅವರ ಮುಖ ನೋಡಿದರೆ ಹೆಚ್ಚಾಗಲೂ ಇಲ್ಲ.

ಕೆಂಪು ದೀಪ ಆರಿತು. ಬಾಗಿಲು ಅರ್ಧ ತೆರೆದಿದೆ. ಹಸಿರು ಟೋಪಿಯ ಒಬ್ಬರು ಅಕ್ಕನ ಹೆಸರು ಹೇಳಿ, ಇವರ ಕಡೆಯವರು ಯಾರು, ಬೇಗ ಬನ್ನಿ, ಕೇಳಬೇಕಾದ್ದಿದೆ ಎನ್ನುತ್ತಿದ್ದಾರೆ. ಭಾವ ಎದ್ದರು. ಆದರೆ ಹೋಗುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾರೆ. "ನೀನು ಮಾತಾಡು" ಎನ್ನುತ್ತಿದ್ದಾರೆ. ಹೋಗುತ್ತೇನೆ. ಮೊದಲು ಕೇಳುವುದು — ಅಕ್ಕನನ್ನೇ ಕೇಳಿದಿರಾ ಎಂದು.